ನಮ್ಮ ಅಂಗಡಿಯ ಮೀಡಿಯಂ

ನನ್ನ ತಂಗಿಯನ್ನು ನಾವು ಗುಂಡಿ ಎಂದು ಕರೆಯುತ್ತಿದ್ದೆವು. ಟೈಲರ್ ಮನೆಯಲ್ಲಿ ಹುಟ್ಟಿದ ಮಗುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗುತ್ತದೆ? ಅಂಬೆಗಾಲಿಡುವ ಕಾಲದಲ್ಲಿ ಅಮ್ಮನ ಮಷೀನಿನ ಕೆಳಗೆ ಬಿದ್ದ ಗುಂಡಿಗಳನ್ನೆಲ್ಲ ಆಯ್ದು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು, ಕಿತ್ತುಕೊಂಡರೆ ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದಳು. ಹೆಸರು ಬಂದದ್ದು ಹಾಗೆ. ಅಂಗಡಿಗೆ ಬರುವವರಿಗೆ ಆ ಕಥೆ ಗೊತ್ತಿರಲಿಲ್ಲ. ಅವರ ಕಣ್ಣಿಗೆ ಬೀಳುತ್ತಿದ್ದದ್ದು ದುಂಡು ಕೆನ್ನೆ, ದುಂಡು ತೋಳು. ಸರಿಯಾದ ಹೆಸರೇ ಇಟ್ಟಿದ್ದೀರಿ ಎಂದು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಗುಂಡಿ ಎಂದರೆ ಬೀಳುವ ಹಳ್ಳವೂ ಹೌದು ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಅಮ್ಮನನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಕಡಿದಾದ ಮೆಟ್ಟಿಲು. ನಾವು ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡರು. ಅಮ್ಮ ಮಷೀನು ತುಳಿದೇ ನಮ್ಮಿಬ್ಬರನ್ನು ಸಾಕಿದಳು. ನಾನು ದೊಡ್ಡವಳು. ಬಟ್ಟೆ ಕತ್ತರಿಸುವುದು, ಗುಂಡಿ ತೂರುವ ಕಾಜ ಮಾಡುವುದು, ಗಿರಾಕಿಗಳ ಹತ್ತಿರ ಜಗಳವಾಡುವುದು ನನ್ನ ಕೆಲಸ. ನಾನೂ ದಪ್ಪವೇ. ಯಾರಾದರೂ ಅದನ್ನು ಎತ್ತಿದರೆ, ನಿಮ್ಮ ಮನೆ ಅನ್ನ ತಿಂದು ಆಗಿದ್ದಲ್ಲವಲ್ಲ ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಡುತ್ತೇನೆ. ತಂಗಿಗೆ ಆ ನಾಲಿಗೆ ಇರಲಿಲ್ಲ. ಯಾರು ಏನು ಅಂದರೂ ನಕ್ಕು ಒಳಗೆ ಹಾಕಿಕೊಳ್ಳುವ ಜೀವ ಅದು.

ಆದರೆ ಅಂಗಡಿಯಲ್ಲಿ ಅವಳದೂ ಒಂದು ಕೆಲಸವಿತ್ತು. ಯಾವುದಾದರೂ ಕಚೇರಿಗೋ ಶಾಲೆಗೋ ಒಂದೇ ತರಹದ ಬಟ್ಟೆ ಬಹಳ ಹೊಲಿಯಬೇಕಾದಾಗ ಎಲ್ಲರ ಅಳತೆ ತೆಗೆಯುತ್ತ ಕೂರಲು ಆಗುವುದಿಲ್ಲ. ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಮೂರು ಮಾಡುತ್ತೇವೆ. ಬೇರೆ ಟೈಲರುಗಳು ಅಚ್ಚು ಹಾಕಿದ ಚಾರ್ಟು ನೋಡುತ್ತಾರೆ, ಇಲ್ಲವೇ ಮರದ ಬೊಂಬೆ ಇಟ್ಟುಕೊಳ್ಳುತ್ತಾರೆ. ಅಮ್ಮನಿಗೆ ಎರಡರ ಮೇಲೂ ನಂಬಿಕೆಯಿಲ್ಲ, ಬೊಂಬೆ ಉಸಿರಾಡುತ್ತದೆಯೇ ಎಂದು ಕೇಳುತ್ತಾಳೆ. ತಂಗಿಯನ್ನು ನಿಲ್ಲಿಸಿ, ಅಗ್ಗದ ಬಿಳಿ ಬಟ್ಟೆಯನ್ನು ಅವಳ ಮೈಮೇಲೆ ಹಾಕಿ, ಪಿನ್ನು ಚುಚ್ಚಿ ಆಕಾರ ತೆಗೆಯುತ್ತಾಳೆ. ಅದನ್ನು ಕಾಗದಕ್ಕೆ ಇಳಿಸಿದರೆ ಮೀಡಿಯಂ ಆಯಿತು. ಅದಕ್ಕೆ ಒಂದು ಬೆರಳು ಸೇರಿಸಿದರೆ ಲಾರ್ಜ್, ಒಂದು ಬೆರಳು ಕಳೆದರೆ ಸ್ಮಾಲ್. ಅಷ್ಟು ವರ್ಷಗಳಲ್ಲಿ ಒಂದು ಅಂಗಿಯೂ ವಾಪಸು ಬಂದಿರಲಿಲ್ಲ. ನನ್ನ ಚಿಕ್ಕ ಮಗಳ ಮೈ ದೇವರೇ ಕತ್ತರಿಸಿದ ಮೀಡಿಯಂ ಎಂದು ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಅಮ್ಮನ ಬಾಯಲ್ಲಿ ಇನ್ನೊಂದು ಮಾತು ಯಾವಾಗಲೂ ಇರುತ್ತಿತ್ತು: ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಗಿರಾಕಿಗಳು ಇದು ಬೇಡ, ಅದು ಬೇಡ ಎಂದು ರಗಳೆ ಮಾಡಿದಾಗ ಈ ಗಾದೆ ಹೇಳಿ ತನಗೆ ಒಪ್ಪಿದ್ದನ್ನೇ ಹೊಲಿಸಿಕೊಳ್ಳುವಂತೆ ಮಾಡುತ್ತಿದ್ದಳು. ಒಳ್ಳೆಯ ವ್ಯಾಪಾರದ ಗಾದೆ. ತಂಗಿ ಅದನ್ನು ತೊಟ್ಟಿಲಿನಿಂದಲೇ ಕೇಳುತ್ತ ಬೆಳೆದಳು. ಅದರ ಎರಡನೆಯ ಅರ್ಧ ಮಾತ್ರ ಅವಳೊಳಗೆ ಉಳಿಯಿತು ಎಂದು ನನಗೆ ಈಗ ಅನ್ನಿಸುತ್ತದೆ.

ಓದು ಮುಗಿದ ಮೇಲೆ ಅವಳಿಗೆ ಮುಖ್ಯರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಗೋಡೆ ತುಂಬ ಕನ್ನಡಿ, ಮೇಜಿನ ಮೇಲೆ ಕನ್ನಡಿ, ಕೈಯಲ್ಲೊಂದು ಕನ್ನಡಿ. ಬಂದವರ ಮೂಗಿಗೆ ಒಂದಾದ ಮೇಲೊಂದು ಫ್ರೇಮು ಏರಿಸಿ, ಕನ್ನಡಿ ಹಿಡಿದು, ಚೆನ್ನಾಗಿ ಕಾಣುತ್ತೆ ಎನ್ನುವುದು ಅವಳ ಕೆಲಸ. ದಿನವಿಡೀ ಬೇರೆಯವರ ಮುಖದ ಪಕ್ಕದಲ್ಲಿ ತನ್ನ ಮುಖವನ್ನೂ ನೋಡಬೇಕು. ಒಂದು ದಿನ ಒಬ್ಬಾಕೆ ಫ್ರೇಮೊಂದನ್ನು ತೆಗೆದು ಇವಳ ಕೈಗಿಟ್ಟು, ಇದು ನಿಮ್ಮಂಥ ದುಂಡು ಮುಖದವರಿಗೆ ಸರಿ, ನನಗಲ್ಲ ಎಂದಳಂತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬಾಯಿಗೆ ಬಂದದ್ದನ್ನು ಹೇಳಿ ಹೋದಳು. ಆ ಸಂಜೆ ತಂಗಿ ತಟ್ಟೆಯ ಮುಂದೆ ಕೂತು, ಇನ್ನು ಮೇಲೆ ನನ್ನನ್ನು ಯಾರೂ ಗುಂಡಿ ಎಂದು ಕರೆಯಬಾರದು ಎಂದಳು. ಅಮ್ಮ ನಕ್ಕಳು. ತಂಗಿ ನಗಲಿಲ್ಲ. ಅರ್ಧಕ್ಕೇ ಎದ್ದು ಕೈ ತೊಳೆದಳು.

ಆಮೇಲಿನ ತಿಂಗಳುಗಳು ಅಮ್ಮನಿಗೆ ಸಂಭ್ರಮದ ಕಾಲ. ತಂಗಿ ಸಣ್ಣಗಾದಳು. ಬಟ್ಟೆ ಸಡಿಲವಾದಾಗಲೆಲ್ಲ ಅಮ್ಮ ಪಕ್ಕ ಹಿಡಿದು ಹೊಲಿದುಕೊಟ್ಟಳು. ಅಂಗಡಿಗೆ ಬಂದ ಹೆಂಗಸರು ಅವಳನ್ನು ತಿರುಗಿಸಿ ತಿರುಗಿಸಿ ನೋಡಿ ಗುಟ್ಟು ಕೇಳಿದರು. ನಮ್ಮ ಮಾತಿನಲ್ಲಿ ಸಣ್ಣಗಾಗಿದ್ದೀಯ ಎಂದರೆ ಹೊಗಳಿಕೆ, ಸೊರಗಿದ್ದೀಯ ಎಂದರೆ ಮರುಕ. ಮೊದಲನೆಯದು ಎಲ್ಲಿ ಮುಗಿದು ಎರಡನೆಯದು ಎಲ್ಲಿ ಶುರುವಾಗುತ್ತದೆ ಎಂದು ಯಾವ ಟೇಪಿನ ಮೇಲೂ ಬರೆದಿರುವುದಿಲ್ಲ. ನಮ್ಮ ಅಂಗಡಿಗೆ ಬಂದ ಯಾರೂ ಸೊರಗಿದ್ದೀಯ ಎನ್ನಲಿಲ್ಲ.

ಉಣ್ಣದೇ ಇರುವುದು ನಮ್ಮ ನಡುವೆ ಬಹಳ ಸುಲಭ ಎಂದು ನಾನು ತಿಳಿದುಕೊಂಡದ್ದು ಆಗಲೇ. ಎದುರಾದವರೆಲ್ಲ ಊಟ ಆಯ್ತಾ ಎಂದು ಕೇಳುತ್ತಾರೆ; ಆಯ್ತು ಎಂದರೆ ಸಾಕು, ಮುಂದಿನ ಮಾತಿಗೆ ಹೋಗುತ್ತಾರೆ. ಯಾರೂ ಉತ್ತರಕ್ಕಾಗಿ ಕೇಳುವುದಿಲ್ಲ. ತಂಗಿ ಮನೆಯಲ್ಲಿ ಅಂಗಡಿಯಲ್ಲೇ ಆಯ್ತು ಎನ್ನುತ್ತಿದ್ದಳು, ಅಂಗಡಿಯಲ್ಲಿ ಮನೆಯಲ್ಲೇ ಆಯ್ತು ಎನ್ನುತ್ತಿದ್ದಳು. ಡಬ್ಬಿ ತೊಳೆದು ಲಕಲಕ ಹೊಳೆಯುತ್ತ ವಾಪಸು ಬರುತ್ತಿತ್ತು. ಇಡೀ ದಿನ ಇಷ್ಟೊಂದು ಜನ ಊಟದ ಬಗ್ಗೆ ವಿಚಾರಿಸುತ್ತಿದ್ದ ಹುಡುಗಿ ನಮ್ಮೆಲ್ಲರ ಕಣ್ಣೆದುರೇ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡಿದ್ದಳು.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ ವಿಷಯಗಳು. ಬಚ್ಚಲಿನ ಜಾಲರಿಗೆ ಅವಳ ಕೂದಲು ಮುಷ್ಟಿ ಮುಷ್ಟಿ ಸಿಕ್ಕಿಕೊಳ್ಳುತ್ತಿತ್ತು. ಸುಡು ಬಿಸಿಲಿನಲ್ಲಿ ಸ್ವೆಟರು ಹಾಕಿಕೊಂಡು ಕೂರುತ್ತಿದ್ದಳು, ಆದರೂ ಅವಳ ಬೆರಳು ತಾಕಿದರೆ ಕಬ್ಬಿಣದ ಕತ್ತರಿ ತಾಕಿದ ಹಾಗೆ ತಣ್ಣಗಿರುತ್ತಿತ್ತು. ತೋಳಿನ ಮೇಲೆ ಎಳೆಗೂಸಿಗಿರುವಂಥ ನವಿರಾದ ರೋಮ ಬಂದಿತ್ತು. ಬೆಂಚಿನ ಮೇಲೆ ಕೂರಲು ಮೂಳೆ ಒತ್ತುತ್ತದೆಂದು ಬಟ್ಟೆ ಮಡಿಸಿ ಹಾಕಿಕೊಳ್ಳುತ್ತಿದ್ದಳು. ಕಪಾಟಿನಲ್ಲಿ ನಮ್ಮಿಬ್ಬರಿಗೂ ಸೇರಿಸಿ ತಂದಿಡುವ ಪ್ಯಾಡಿನ ಪೊಟ್ಟಣದಿಂದ ತೆಗೆಯುತ್ತಿದ್ದವಳು ನಾನೊಬ್ಬಳೇ. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಬಿಸಿಲಿಗೆ ಹಾಗಾಗುತ್ತದೆ, ವಯಸ್ಸಿಗೆ ಹಾಗಾಗುತ್ತದೆ ಎಂದಳು. ಬೀದಿಯವರ ಮೈಯೆಲ್ಲ ಬಾಯಿಪಾಠವಾಗಿದ್ದ ಅಮ್ಮ ಸ್ವಂತ ಮಗಳ ವಿಷಯದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ನನಗೆ ಮೈ ಉರಿದು, ನಿನ್ನ ಮಗಳು ಸಾಯುತ್ತಾಳೆ ನೋಡುತ್ತಿರು ಎಂದು ಕಿರುಚಿದೆ. ಅಪಶಕುನ ನುಡಿಯಬೇಡ ಎಂದು ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಆ ಹೊತ್ತಿಗೇ ಹಿಂದಿನ ಬೀದಿಯ ಆಸ್ಪತ್ರೆಯಿಂದ ನರ್ಸುಗಳ ಯೂನಿಫಾರಂ ಹೊಲಿಯುವ ಕೆಲಸ ಬಂತು. ತಂದವರು ಅಲ್ಲಿನ ಹಿರಿಯ ನರ್ಸು, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುವ ಎತ್ತರದ ಹೆಂಗಸು. ಹೊಸ ಮಾದರಿ, ಮುಂದೆ ಸಾಲು ಗುಂಡಿ, ಸೊಂಟಕ್ಕೆ ಹಿಡಿತ. ಅಮ್ಮ ತಂಗಿಯನ್ನು ನಿಲ್ಲಿಸಿ ಎಂದಿನಂತೆ ಪಿನ್ನು ಚುಚ್ಚಿದಳು. ತಂಗಿ ಕತ್ತು ನೆಟ್ಟಗಿಟ್ಟು, ಕಣ್ಣು ಮುಚ್ಚಿ, ಏನೋ ಬಹುಮಾನ ತೆಗೆದುಕೊಳ್ಳುವವಳಂತೆ ನಿಂತಿದ್ದಳು. ಅಮ್ಮ ಕಾಗದ ಕತ್ತರಿಸಿ ಕೊಟ್ಟಳು. ಇದು ಮೀಡಿಯಮ್ಮಾ ಎಂದು ಕೇಳಿದೆ. ನನ್ನ ಕೈಗೆ ಲೆಕ್ಕ ಹೇಳಿಕೊಡಬೇಡ ಎಂದಳು. ಬಟ್ಟೆ ಹಾಸಿ ಕತ್ತರಿಸಿದೆ. ಅಂಗಡಿಯಲ್ಲಿ ಕೊನೆಯ ಮಾತು ಅಮ್ಮನದು.

ಬಟ್ಟೆ ಕೊಟ್ಟ ಮರುವಾರ ದೊಡ್ಡ ಸಿಸ್ಟರ್ ಅಷ್ಟನ್ನೂ ಹಾಸಿಗೆಯ ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಮೇಜಿನ ಮೇಲೆ ಹಾಕಿದರು. ಒಬ್ಬ ನರ್ಸಿಗೂ ಗುಂಡಿ ಹಾಕಲು ಆಗುತ್ತಿಲ್ಲವಂತೆ. ಲಾರ್ಜ್ ತೊಟ್ಟವರಿಗೆ ತೋಳು ಎತ್ತಲು ಆಗುತ್ತಿಲ್ಲ, ಮೀಡಿಯಂ ಅಂತೂ ಭುಜ ದಾಟಿ ಇಳಿಯುತ್ತಿಲ್ಲ. ಅಮ್ಮನ ಮುಖ ಸಣ್ಣದಾಯಿತು. ಮೊದಲು ಬಟ್ಟೆಯ ಮೇಲೆ ಹಾಕಿದಳು: ಒಗೆದಾಗ ಕುಗ್ಗಿರಬೇಕು. ಇನ್ನೂ ಒಗೆದೇ ಇಲ್ಲ ಎಂದರು ಸಿಸ್ಟರ್. ಆಮೇಲೆ ಟೇಪಿನ ಮೇಲೆ ಹಾಕಿದಳು: ಹಳೆಯ ಟೇಪು ಜಗ್ಗಿಹೋಗಿದೆ, ಜಗ್ಗಿದ ಟೇಪು ಅಳತೆ ಕಡಿಮೆ ತೋರಿಸುತ್ತದೆ ಎಂದು ಎಲ್ಲರೆದುರು ಅದನ್ನು ಎತ್ತಿ ಎಸೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸಿಸ್ಟರ್ ತಾಳ್ಮೆಯಿಂದ, ಯಾರ ಅಳತೆಗೆ ಹೊಲಿದಿರಿ ಎಂದು ಕೇಳಿದರು. ನನ್ನ ಮಗಳ ಅಳತೆಗೆ, ಅವಳು ಸರಿಯಾದ ಮೀಡಿಯಂ, ಬೇಕಾದರೆ ನೋಡಿ ಎಂದು ಅಮ್ಮ ತಂಗಿಯನ್ನು ಮೇಲಿನಿಂದ ಕರೆದಳು.

ತಂಗಿ ಪರದೆಯ ಹಿಂದೆ ಹೋಗಿ, ಸ್ವೆಟರು ತೆಗೆದು, ಮೀಡಿಯಂ ಯೂನಿಫಾರಂ ತೊಟ್ಟು ಬಂದಳು. ಅಷ್ಟು ನರ್ಸುಗಳಲ್ಲಿ ಯಾರೊಬ್ಬರಿಗೂ ಆಗದ ಆ ಅಂಗಿ ಅವಳ ಮೈಮೇಲೆ ಹ್ಯಾಂಗರಿಗೆ ಹಾಕಿದಂತೆ ಜೋಲುತ್ತಿತ್ತು. ಪಿನ್ನು ಚುಚ್ಚಿದ ದಿನದಿಂದ ಈಚೆಗೆ ಅವಳು ಇನ್ನೂ ಇಳಿದಿದ್ದಳು. ಸಿಸ್ಟರ್ ಅವಳ ಹತ್ತಿರ ಹೋಗಿ ಮಣಿಕಟ್ಟು ಹಿಡಿದರು, ಉಗುರು ನೋಡಿದರು, ಕೆಳಗಿನ ರೆಪ್ಪೆ ಎಳೆದು ನೋಡಿದರು. ಅವರ ದೊಡ್ಡ ದನಿ ಇಳಿದುಹೋಯಿತು.

"ಬಟ್ಟೆ ಆಮೇಲೆ ನೋಡೋಣ. ಇವಳನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನಾಳೆ ಅನ್ನಬೇಡಿ."

ತಂಗಿ ಮಾತ್ರ ಕನ್ನಡಿಯ ಕಡೆ ತಿರುಗಿದ್ದಳು. ಅವಳಿಗೆ ಇದ್ಯಾವುದೂ ಕೇಳಿಸಿದಂತೆ ಇರಲಿಲ್ಲ. "ಮೀಡಿಯಂ ಅಂದ್ರೆ ನಾನೇ ತಾನೇ ಅಮ್ಮ? ಅವರಿಗೆ ಆಗ್ತಿಲ್ಲ ಅಂದ್ರೆ ಅವರೆಲ್ಲ ದಪ್ಪ ಅಂತ ಆಯ್ತು" ಎಂದಳು. ಹೇಳಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕದ್ದು.

ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಇದು ಹಟವಲ್ಲ, ಕಾಯಿಲೆ ಎಂದರು. ನಾವು ನೋಡುವ ಹುಡುಗಿಯೇ ಬೇರೆ, ಕನ್ನಡಿಯಲ್ಲಿ ಇವಳು ನೋಡುವ ಹುಡುಗಿಯೇ ಬೇರೆ. ಬೈಯಬೇಡಿ, ಹೆದರಿಸಬೇಡಿ, ಯಾವ ಕಾರಣಕ್ಕೂ ಮೋಸ ಮಾಡಬೇಡಿ, ಒಮ್ಮೆ ನಂಬಿಕೆ ಹೋದರೆ ನಮಗೆ ಹಿಡಿಯಲು ಏನೂ ಉಳಿಯುವುದಿಲ್ಲ ಎಂದು ಎರಡೆರಡು ಸಲ ಹೇಳಿದರು. ತಂಗಿ ಎಲ್ಲದಕ್ಕೂ ಆಯ್ತು ಡಾಕ್ಟ್ರೇ, ಆಯ್ತು ಡಾಕ್ಟ್ರೇ ಎಂದಳು. ವಾರಕ್ಕೊಮ್ಮೆ ಹೋಗಿ ತೂಕ ನೋಡಿಸಿ ಬರಬೇಕೆಂದಾಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ನನ್ನ ತಂಗಿಯಂಥ ರೋಗಿಯನ್ನು ಕಂಡಿರಲಿಲ್ಲ.

ಆದರೂ ಒಂದು ಬಟ್ಟಲು ಶುರುವಾಯಿತು. ಚಿಕ್ಕ ಸ್ಟೀಲಿನ ಬಟ್ಟಲು, ಅದರಲ್ಲಿ ಹಾಲು ಹಾಕಿ ಕಲಸಿದ ಅನ್ನ. ಸಂಜೆ ಮೂವರೂ ಕೂತು, ಯಾರೂ ಅವಳ ಕಡೆ ನೋಡದ ಹಾಗೆ ನಟಿಸುತ್ತ, ಏನೇನೋ ಮಾತಾಡುತ್ತ ಉಣ್ಣುತ್ತಿದ್ದೆವು. ಒಂದೊಂದು ತುತ್ತನ್ನೂ ಕಲ್ಲು ನುಂಗಿದ ಹಾಗೆ ನುಂಗುತ್ತಿದ್ದಳು, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಬಟ್ಟಲು ಖಾಲಿ ಮಾಡುತ್ತಿದ್ದಳು. ತೂಕ ಕೂದಲೆಳೆಯಷ್ಟು ಏರಿತು. ಡಾಕ್ಟರು ಬಟ್ಟಲನ್ನು ಬಿಡಬೇಡಿ, ಅವಳ ಜೀವ ಸದ್ಯಕ್ಕೆ ಅದರಲ್ಲೇ ಇದೆ ಎಂದರು. ನಾನು ಆ ಬಟ್ಟಲನ್ನು ಬೇರೆ ಪಾತ್ರೆಗಳ ಜೊತೆ ಹಾಕದೆ ಬೇರೆಯಾಗಿ ತೊಳೆದಿಡುತ್ತಿದ್ದೆ. ಅಷ್ಟು ಆಸೆ.

ಅಮ್ಮನಿಗೆ ಅಷ್ಟು ನಿಧಾನ ಸಹಿಸಲು ಆಗಲಿಲ್ಲ. ಮಗಳು ಇನ್ನೂ ಕನ್ನಡಿಯ ಮುಂದೆ ನಿಂತು ಇಲ್ಲದ ಹೊಟ್ಟೆಯನ್ನು ಹಿಡಿದು ಹಿಡಿದು ನೋಡುತ್ತಾಳೆ. ತಾನು ಕೈಕಟ್ಟಿ ಕೂರುವುದೇ? ಒಂದು ಮಧ್ಯಾಹ್ನ ಅವಳು ತಂಗಿಯ ಕಪಾಟಿನ ಬಟ್ಟೆಯನ್ನೆಲ್ಲ ಕೆಳಗೆ ತಂದು ಬ್ಲೇಡು ಹಿಡಿದು ಹೊಲಿಗೆ ಬಿಚ್ಚತೊಡಗಿದಳು. ಲಂಗ, ಅಂಗಿ, ಕೆಲಸಕ್ಕೆ ತೊಡುವ ಕೋಟು, ಎಲ್ಲವನ್ನೂ ಪಕ್ಕದಲ್ಲಿ ಒಂದೊಂದು ಬೆರಳು ಸಡಿಲ ಮಾಡುವುದು ಅವಳ ಉಪಾಯ. ನಾಳೆ ತೊಟ್ಟಾಗ ಬಟ್ಟೆ ಜಾರಬೇಕು, ಅಯ್ಯೋ ನಾನೆಷ್ಟು ಇಳಿದುಹೋದೆ ಎಂದು ಮಗಳ ಎದೆ ಧಸಕ್ಕೆನ್ನಬೇಕು, ಹೆದರಿ ಉಣ್ಣಬೇಕು. ಕಣ್ಣು ಸುಳ್ಳು ಹೇಳಿದರೂ ಬಟ್ಟೆ ಸುಳ್ಳು ಹೇಳುವುದಿಲ್ಲ ಎಂಬುದು ಅಮ್ಮನ ಬದುಕಿನ ನಂಬಿಕೆ. ಅದೇ ಬಟ್ಟೆಯಿಂದ ಸುಳ್ಳು ಹೇಳಿಸಲು ಕೂತಿದ್ದಾಳೆ ಎಂಬುದು ಅವಳಿಗೆ ಕಾಣಲಿಲ್ಲ.

ನಾನು ಬ್ಲೇಡು ಕಿತ್ತುಕೊಂಡೆ. ಮೋಸ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ.

"ಇದು ಮೋಸ ಅಲ್ಲ ಕಣೆ, ಹೊಲಿಗೆ" ಎಂದಳು ಅಮ್ಮ. ಬೇರೇನೂ ಬಾರದ ಕೈ ಅವಳದು. ಮಗಳನ್ನು ಉಳಿಸಿಕೊಳ್ಳಲು ತನಗೆ ಬರುವುದನ್ನೇ ಮಾಡುತ್ತಿತ್ತು. ಇನ್ನೊಂದು ಬ್ಲೇಡು ತೆಗೆದುಕೊಂಡಳು. ಹಳೆಯ ಹೊಲಿಗೆಯ ತೂತುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ ಒತ್ತಿ ಮುಚ್ಚಿದಳು. ತಂಗಿ ಮನೆಗೆ ಬರುವ ಮುಂಚೆ ಎಲ್ಲ ಕಪಾಟಿಗೆ ಸೇರಿತ್ತು.

ಮರುದಿನ ಬೆಳಿಗ್ಗೆ ಲಂಗ ಸೊಂಟದಿಂದ ಜಾರಿತು. ಅಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ಅವಳ ಹಿಂದೆ ನಾನು. ತಂಗಿ ಸೊಂಟಪಟ್ಟಿಯೊಳಗೆ ಕೈ ಹಾಕಿ ಎಳೆದು ನೋಡಿದಳು. ಎಷ್ಟು ಸಡಿಲ ಎಂದು ಮತ್ತೊಮ್ಮೆ ಎಳೆದು ನೋಡಿದಳು. ಅವಳ ಮುಖದಲ್ಲಿ ಹೆದರಿಕೆ ಹುಡುಕಿದೆ. ಅಲ್ಲಿದ್ದದ್ದು ಸಂತೋಷ. ಪಿನ್ನು ಹಾಕಿಕೊಂಡು ಗುನುಗುತ್ತ ಮೆಟ್ಟಿಲಿಳಿದು ಹೋದಳು. ಆ ಸಂಜೆ ಬಟ್ಟಲಿನಲ್ಲಿ ಅರ್ಧ ಉಳಿಯಿತು. ಬಿಚ್ಚಿದ್ದನ್ನು ಮತ್ತೆ ಹಿಡಿ, ಇಲ್ಲವೇ ಅವಳಿಗೆ ನಿಜ ಹೇಳು ಎಂದು ಅಮ್ಮನಿಗೆ ಅಂದೆ. ನಾಲ್ಕು ದಿನ ತಡಿ, ತಾನಾಗಿ ಹೆದರುತ್ತಾಳೆ ಎಂದಳು.

ನಾಲ್ಕು ದಿನ ತಡೆಯಬೇಕಾಗಲಿಲ್ಲ. ಎಷ್ಟಾದರೂ ಅವಳು ಟೈಲರ್ ಮಗಳು. ರಜೆಯ ದಿನ ಲಂಗಕ್ಕೆ ಇಸ್ತ್ರಿ ಹಾಕಲು ಒಳಮಗ್ಗುಲು ತಿರುಗಿಸಿದ್ದಾಳೆ. ತೆಳು ಬಟ್ಟೆಯಾಗಿದ್ದರೆ ತೂತು ಮುಚ್ಚಿಹೋಗುತ್ತಿತ್ತು. ಅದು ದಪ್ಪ ಬಟ್ಟೆ. ಹೊಸ ಹೊಲಿಗೆಯಿಂದ ಒಂದು ಬೆರಳು ಒಳಗೆ ಹಳೆಯ ಸೂಜಿಯ ತೂತುಗಳು ಇರುವೆ ಸಾಲಿನಂತೆ ಮೇಲಿನಿಂದ ಕೆಳಗಿನವರೆಗೂ ಇದ್ದವು. ನನ್ನನ್ನು ಮೇಲೆ ಕರೆದಳು. ಹಾಸಿಗೆಯ ಮೇಲೆ ಅವಳ ಬಟ್ಟೆಯೆಲ್ಲ ಒಳಮಗ್ಗುಲಾಗಿ ಹರಡಿತ್ತು.

"ಅಕ್ಕ, ಬಟ್ಟೆನ ಯಾವಾಗ ಬಿಚ್ಚಿ ಹೊಲೀತಾರೆ?"

ನಮ್ಮ ಅಂಗಡಿಯಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಚಿಕ್ಕಂದಿನಿಂದ ಇಬ್ಬರೂ ನೋಡಿದ್ದೇವೆ. ಮೈ ಬಂದ ಹೆಂಗಸರು ಅಂಗಡಿ ಖಾಲಿಯಿರುವ ಹೊತ್ತು ನೋಡಿ ಬಂದು, ಚೀಲದಿಂದ ಅಂಗಿ ತೆಗೆದಿಟ್ಟು, ಸ್ವಲ್ಪ ಬಿಚ್ಚಿಕೊಡಿ ಎಂದು ನಾಚಿಕೆಯಿಂದ ಹೇಳುತ್ತಾರೆ. ಅಮ್ಮ ದಪ್ಪ ಎಂಬ ಪದವನ್ನು ಬಾಯಿಗೆ ತರುವುದಿಲ್ಲ. ಬಟ್ಟೆ ಒಗೆದು ಕುಗ್ಗಿದೆ ಬಿಡಿ ಎಂದು ಅವರ ಮಾನ ಉಳಿಸುತ್ತಾಳೆ. ಗಿರಾಕಿಗೆ ನೋವಾಗದಂತೆ ಸುಳ್ಳು ಹೇಳುವುದು ನಮ್ಮ ಕಸುಬಿನ ಮರ್ಯಾದೆ. ಆ ಮರ್ಯಾದೆಯನ್ನು ಅಮ್ಮ ತನಗೂ ತೋರಿಸಿದ್ದಾಳೆ ಎಂದು ತಂಗಿ ತಿಳಿದುಕೊಂಡಿದ್ದಳು.

"ನಾನು ಊದಿಕೊಂಡಿದೀನಿ. ನಂಗೆ ಗೊತ್ತಾಗಬಾರದು ಅಂತ ನೀವಿಬ್ರೂ ಕದ್ದು ಬಿಚ್ಚಿ ಹೊಲಿದಿದೀರ. ಆ ಬಟ್ಟಲು ತಿನ್ನಿಸಿ ತಿನ್ನಿಸಿ ಹೀಗೆ ಮಾಡಿದ್ರಿ."

ನಾನು ನಿಜ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ, ಅಮ್ಮ ಯಾಕೆ ಮಾಡಿದಳು, ಹೇಗೆ ಮಾಡಿದಳು, ನಾನು ಹೇಗೆ ತಡೆದೆ, ಎಲ್ಲವನ್ನೂ. ಮೊದಲು ಮೆತ್ತಗೆ ಹೇಳಿದೆ, ಆಮೇಲೆ ಕೂಗಾಡಿದೆ, ಕೊನೆಗೆ ಅತ್ತೆ. ಮಗುವಿನ ಹಟವನ್ನು ದೊಡ್ಡವರು ನೋಡುವಂತೆ ಅವಳು ನನ್ನನ್ನು ನೋಡುತ್ತಿದ್ದಳು. ಹೆದರಿಸುವುದಕ್ಕೆ ಯಾರಾದರೂ ಬಟ್ಟೆ ಹೊಲಿಯುತ್ತಾರೆಯೇ? ಯಾರು ನಂಬುತ್ತಾರೆ ಅದನ್ನು? ನನ್ನ ಕೂಗಿಗೆ ಅಮ್ಮ ಹೊಸ ಟೇಪು ಹಿಡಿದು ಮೇಲೆ ಓಡಿಬಂದಳು. ತಂಗಿಯ ಸೊಂಟಕ್ಕೆ ಸುತ್ತಿ, ನೋಡು, ನೀನೇ ಓದು, ಒಂಬತ್ತು ವರ್ಷದ ಹುಡುಗಿಯ ಅಳತೆ ಇದು ಎಂದಳು.

ತಂಗಿ ಟೇಪಿನ ಕಡೆ ನೋಡಲೇ ಇಲ್ಲ. "ಟೇಪು ಜಗ್ಗಿದೆ ಅಂತ ನೀನೇ ಹೇಳಿದ್ಯಲ್ಲಮ್ಮ" ಎಂದಳು.

ಅದು ಹಳೆಯ ಟೇಪು, ಇದು ಹೊಸದು ಎಂದು ಅಮ್ಮ ಹೇಳಬಹುದಿತ್ತು. ಗಿರಾಕಿಗಳ ಎದುರು ಆಡಿದ ಸುಳ್ಳುಗಳೆಲ್ಲ ಒಟ್ಟಾಗಿ ಎದುರು ನಿಂತಿದ್ದವು, ಅವುಗಳ ನಡುವೆ ಒಂದು ನಿಜಕ್ಕೆ ದಾರಿ ಇರಲಿಲ್ಲ.

ಆ ಸಂಜೆ ತಂಗಿ ಬಟ್ಟಲು ಮುಟ್ಟಲಿಲ್ಲ. ಮರುದಿನವೂ ಇಲ್ಲ. ಅಮ್ಮ ಕಾಲು ಹಿಡಿಯುವುದೊಂದು ಬಾಕಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ತುತ್ತು ಅಮ್ಮನ ಕೈಯಲ್ಲೇ ಒಣಗಿತು. ಆಸ್ಪತ್ರೆಗೆ ಹೋಗೋಣ ಎಂದರೆ ತಂಗಿ ಬಾಗಿಲು ಹಾಕಿಕೊಂಡಳು. ಡಾಕ್ಟರ ಹತ್ತಿರ ನಾನೇ ಓಡಿಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಾಳೆ ನಾವೇ ಬರುತ್ತೇವೆ ಎಂದರು. ನಾಳೆಯವರೆಗೆ ಅವಳ ಮೈ ಕಾಯಲಿಲ್ಲ. ನಾನು ಆಸ್ಪತ್ರೆಗೆ ಹೋದ ಹೊತ್ತಿಗೆ ಅವಳು ಬಾಗಿಲು ತೆರೆದು ಕೆಲಸಕ್ಕೆ ಹೋಗಿದ್ದಳು. ಕನ್ನಡಕದ ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಕನ್ನಡಿ ಹಿಡಿದು ನಿಂತವಳು ನಿಂತಲ್ಲೇ ಕುಸಿದಳು. ನಾನು ಹೋದಾಗ ನಾಲ್ಕೂ ಗೋಡೆಯ ಕನ್ನಡಿಗಳಲ್ಲಿ ಅವಳು ಬಿದ್ದುಕೊಂಡಿದ್ದಳು. ಎತ್ತಿಕೊಂಡೆ. ಅಂಗಡಿಯ ಯಜಮಾನ ಸಹಾಯಕ್ಕೆ ಬಂದ, ಬೇಕಾಗಲಿಲ್ಲ. ಬಟ್ಟೆಯ ಒಂದು ತಾನಿನಷ್ಟೂ ಭಾರವಿರಲಿಲ್ಲ.

ಹೃದಯ ಬಹಳ ನಿಧಾನವಾಗಿ ಬಡಿಯುತ್ತಿದೆ, ರಕ್ತದಲ್ಲಿ ಉಪ್ಪಿನಂಶಗಳು ಇಳಿದುಹೋಗಿವೆ ಎಂದರು ಡಾಕ್ಟರು. ಒಮ್ಮೆಲೇ ಉಣ್ಣಿಸಿದರೂ ಅಪಾಯ, ಉಣ್ಣಿಸದಿದ್ದರೂ ಅಪಾಯ. ನರದ ಮೂಲಕ ಹನಿ ಹನಿಯಾಗಿ ಕೊಡಬೇಕು, ಒಂದು ಹೊತ್ತೂ ನಿಲ್ಲಬಾರದು. ಈ ಕೆಲವು ದಿನ ದಾಟಿದರೆ ದಾಟಿದಳು. ದೊಡ್ಡ ಸಿಸ್ಟರ್ ತಾವೇ ಸೂಜಿ ಹಾಕಿದರು. ಅವಳ ತೋಳಿನಲ್ಲಿ ನರ ಹುಡುಕಲು ಅವರಂಥವರಿಗೇ ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನ ಅಮ್ಮ ಮುಖ ತೊಳೆದು ಬರುತ್ತೇನೆಂದು ಆಚೆ ಹೋದಳು. ತಂಗಿ ಕಣ್ಣು ಬಿಟ್ಟು ಮೇಲೆ ತೂಗುಹಾಕಿದ್ದ ಬಾಟಲಿಯನ್ನೇ ನೋಡುತ್ತಿದ್ದಳು. ಹನಿಗಳು ಒಂದೊಂದಾಗಿ ಬೀಳುತ್ತಿದ್ದವು.

"ಅಕ್ಕ, ಅದರಲ್ಲಿ ಸಕ್ಕರೆ ಇದ್ಯಾ?"

ಬರೀ ನೀರು ಎನ್ನಲು ಬಾಯಿ ತೆರೆದೆ.

"ನಿಜ ಹೇಳು. ನೀನೊಬ್ಳಾದ್ರೂ ನಿಜ ಹೇಳು."

ಎಷ್ಟು ಸುಳ್ಳುಗಳು ಅವಳನ್ನು ಈ ಮಂಚಕ್ಕೆ ತಂದಿದ್ದವೆಂದು ನನಗೆ ಗೊತ್ತಿತ್ತು. ಇದೆ, ಅದರಲ್ಲಿ ಸಕ್ಕರೆಯಿದೆ, ಅದರಿಂದಲೇ ನೀನು ಬದುಕಿದ್ದೀಯ ಎಂದೆ. ಅವಳು ಜಗಳವಾಡಲಿಲ್ಲ. ಥ್ಯಾಂಕ್ಸ್ ಅಕ್ಕ ಎಂದು ಸಣ್ಣಗೆ ಹೇಳಿ ಕಣ್ಣು ಮುಚ್ಚಿದಳು. ಕೊನೆಗೂ ನಮ್ಮ ನಡುವೆ ಒಂದು ನಿಜ ನಿಂತಿತು ಎಂದು ನನಗೆ ಎದೆ ಹಗುರವಾಯಿತು. ಕಿಟಕಿಯ ಹತ್ತಿರ ಹೋಗಿ, ಕೆಳಗಿನ ಬೀದಿಯಲ್ಲಿ ಶಾಲೆಯ ಮಕ್ಕಳು ಹೋಗುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತೆ.

ತಿರುಗಿದಾಗ ಹನಿ ಬೀಳುತ್ತಿರಲಿಲ್ಲ. ಬಾಟಲಿಯಲ್ಲಿ ನೀರು ಇತ್ತು, ಕೊಳವೆ ತುಂಬಿತ್ತು, ಹನಿ ಮಾತ್ರ ಇಲ್ಲ. ಕೂಗಿದೆ. ದೊಡ್ಡ ಸಿಸ್ಟರ್ ಓಡಿಬಂದು ಕೊಳವೆಯ ಉದ್ದಕ್ಕೂ ಬೆರಳಾಡಿಸಿ, ಹನಿಯ ವೇಗ ತಿದ್ದುವ ಪುಟ್ಟ ಚಕ್ರ ಪೂರ್ತಿ ಕೆಳಗೆ ತಿರುಗಿರುವುದನ್ನು ಕಂಡರು. ಯಾರು ಮುಟ್ಟಿದ್ದು ಎಂದು ನನ್ನನ್ನು ಕೇಳಿದರು. ನಾನು ತಂಗಿಯ ಕಡೆ ನೋಡಿದೆ. ಅವಳು ನಿದ್ದೆ ಹೋದವಳಂತೆ ಮಲಗಿದ್ದಳು. ಸಿಸ್ಟರಿಗೆ ಅರ್ಥವಾಯಿತು. ಚಕ್ರ ಮೇಲಕ್ಕೆ ತಿರುಗಿಸಿ, ಕೊಳವೆಯನ್ನು ದೂರಕ್ಕೆ ಸರಿಸಿ, ಡಾಕ್ಟರನ್ನು ಕರೆದುಕೊಂಡು ಬರುತ್ತೇನೆ, ಕಣ್ಣು ಮಿಟುಕಿಸಬೇಡ ಎಂದು ಹೇಳಿ ಹೋದರು.

ಅವರ ಚಪ್ಪಲಿ ಸದ್ದು ದೂರವಾದದ್ದೇ, ಹೊದಿಕೆಯ ಅಂಚಿನಿಂದ ಕೈ ಹೊರಗೆ ಬಂತು. ಕಣ್ಣು ಮುಚ್ಚಿಯೇ ಇತ್ತು. ಕೈ ಮಾತ್ರ ಮಂಚದ ಕಂಬಿ ಹಿಡಿದುಕೊಂಡು ಕೊಳವೆಯನ್ನು ಹುಡುಕುತ್ತ ಹೋಗುತ್ತಿತ್ತು. ನಾನು ಕುರ್ಚಿ ಎಳೆದು ಕೂತು ಆ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ.

"ಒಂದೇ ಸಲ ಬಿಡು ಅಕ್ಕ" ಎಂದಳು. ಬೇಡಿಕೊಳ್ಳುವ ದನಿಯಲ್ಲ, ನೀರು ಕೊಡು ಎನ್ನುವಷ್ಟು ಸಹಜವಾಗಿ.

ಅಷ್ಟರಲ್ಲಿ ಅಮ್ಮ ಬಂದಳು. ಬಾಗಿಲಲ್ಲೇ ನಿಂತು ನಮ್ಮಿಬ್ಬರ ಕೈ ಬೆಸೆದಿರುವುದನ್ನು ನೋಡಿದಳು. ಚಿಕ್ಕವರಿದ್ದಾಗಲೂ ಹೀಗೇ ಕೈ ಹಿಡಿದು ಮಲಗುತ್ತಿದ್ದಿರಿ ಎಂದು ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೂಜಿ ಎತ್ತಲೂ ಶಕ್ತಿಯಿಲ್ಲದ ಆ ಕೈಗೆ ಅಷ್ಟು ಬಲ ಎಲ್ಲಿಂದ ಬಂದಿತ್ತೋ ಗೊತ್ತಿಲ್ಲ. ನನ್ನ ದಪ್ಪ ಕೈಗಳೆರಡನ್ನೂ ಜೊತೆಗೆ ಎಳೆದುಕೊಂಡು ಅದು ಚಕ್ರದ ಕಡೆ ಸರಿಯುತ್ತಿತ್ತು.